ಗಿಡ ಬಲಿತಿದ್ಯಾ ಅಂತ ಹೇಗೆ ಗೊತ್ತಾಗುತ್ತೆ?

ಪ್ರಶ್ನೆ: ಸಾರ್, ನಮ್ಮದು ತೀರ್ಥಹಳ್ಳಿ ಕಡೆ, ಈಗ ಕೆನಡಾದ ಒಂಟಾರಿಯೋದಲ್ಲಿದೀನಿ. ಇಲ್ಲಿ 2018ರಿಂದ ಒಂದು ಮನೆಗೆ ನಾಲ್ಕು ಗಾಂಜಾ ಗಿಡ ಬೆಳೆಸ್ಬಹುದು, ಹಿತ್ತಲಲ್ಲಿ ಎರಡು ಹಾಕಿದೀನಿ. ಸೆಪ್ಟೆಂಬರ್ ಮುಗೀತಾ ಬಂತು, ಎಲೆ ಹಳದಿ ಆಗಿದೆ, ಹೂವಿನ ಬಿಳಿ ಕೂದಲು ಅರ್ಧ ಕಂದು ಆಗಿದೆ. ಕೊಯ್ದುಬಿಡ್ಲಾ?

ಉತ್ತರ: ಎಲೆ ನೋಡಿ ಕತ್ತರಿ ಎತ್ಕೋಬೇಡಿ ಮಾರಾಯ್ರೆ, ಹೂ ಬಿಡೋ ಕೊನೇ ವಾರಗಳಲ್ಲಿ ಎಲೆ ಹಳದಿ ಆಗೋದು ಮಾಮೂಲು. ಕೂದಲನ್ನೂ ಪೂರ್ತಿ ನಂಬೋ ಹಾಗಿಲ್ಲ, ಪರಾಗ ಬಿದ್ರೆ, ಕೈ ತಾಗಿದ್ರೆ ಮುಂಚೇನೇ ಕಂದಾಗುತ್ತೆ. ಅಡಿಕೆ ಬಲಿತಿದ್ಯಾ ಅಂತ ಒಂದು ಕಾಯಿ ಸುಲಿದು ಒಳಗೆ ನೋಡೋ ಊರಿನವರು ನೀವು, ಇಲ್ಲೂ ಹಾಗೇ ಹತ್ರದಿಂದ ನೋಡ್ಬೇಕು. ವಾಚ್ ರಿಪೇರಿಯವರು ಕಣ್ಣಿಗೆ ಇಟ್ಕೊಳ್ಳೋ ಥರದ ಲೂಪ್, 30 ಇಲ್ಲಾ 60 ಪಟ್ಟು ದೊಡ್ಡದು ಮಾಡಿ ತೋರಿಸೋದು, ಒಂದು ತಗೊಳ್ಳಿ. ಹೂವಿನ ಮೇಲೆ ಗುಂಡುಸೂಜಿ ತಲೆ ಥರ ಅಂಟಂಟು ಗ್ರಂಥಿ ಕಾಣುತ್ತೆ, ಅದೇ ಟ್ರೈಕೋಮ್. ಗಾಜಿನ ಥರ ತಿಳಿಯಾಗಿದ್ರೆ ಇನ್ನೂ ಎಳೇದು, ಬಹುಪಾಲು ಹಾಲಿನ ಬಣ್ಣಕ್ಕೆ ತಿರುಗಿ ಅಲ್ಲೊಂದು ಇಲ್ಲೊಂದು ಜೇನುಬಣ್ಣ ಬಂದಿದ್ರೆ ಕೊಯ್ಲಿಗೆ ಬಂತು ಅಂತ, ಎಲ್ಲಾ ಜೇನುಬಣ್ಣ ಆಗೋವರೆಗೆ ಬಿಟ್ರೆ ಅಮಲೇರಿಸೋ ಅಂಶವಾದ ಟಿಎಚ್‌ಸಿ ಒಡೆದು ಅಷ್ಟು ಅಮಲಿಲ್ಲದ ಸಿಬಿಎನ್ ಆಗ್ತಾ ಹೋಗುತ್ತೆ. ನೋಡೋದು ಹೂವಿನ ಮೈಮೇಲೆ, ಹೂವಿನ ಮಧ್ಯದ ಪುಟ್ಟ ಎಲೆ ಮೇಲಲ್ಲ, ಅದು ಬೇಗ ಬಣ್ಣ ತಿರುಗಿ ಎಲ್ಲರನ್ನೂ ಮೋಸ ಮಾಡುತ್ತೆ. ತುದಿ ಗೊಂಚಲು ಮೊದ್ಲು ಬಲಿಯುತ್ತೆ, ಅದನ್ನ ತೆಗೆದು ಕೆಳಗಿಂದಕ್ಕೆ ಇನ್ನೊಂದು ವಾರ ಬಿಸಿಲು ಕೊಡಿ.

ಆದ್ರೆ ನಿಮ್ಮಲ್ಲಿ ಲೂಪ್‌ಗಿಂತ ಹವಾಮಾನದ ಮಾತೇ ಜಾಸ್ತಿ ನಡೆಯೋದು. ಅಕ್ಟೋಬರಿನ ಮಳೆ, ಇಬ್ಬನಿ ಕೂತ್ರೆ ದಪ್ಪ ಗೊಂಚಲಿನ ಒಳಗಿಂದಲೇ ಬೂದು ಬೂಷ್ಟು ಹಿಡಿಯುತ್ತೆ, ಹೊರಗೆ ಕಾಣೋ ಹೊತ್ತಿಗೆ ಒಳಗೆ ಕೊಳೆತಿರುತ್ತೆ. ಗೊಂಚಲಿನ ಮಧ್ಯೆ ಒಂದೇ ಒಂದು ಎಲೆ ಒಣಗಿ ಎಳೆದ ಕೂಡ್ಲೆ ಕೈಗೆ ಬಂದ್ರೆ ಅನುಮಾನ ಪಡಿ. ಬೂಷ್ಟು ಬಂದಿದ್ದನ್ನ ಎಸೀರಿ, ತೊಳೆದು ಬಳಸೋ ಆಸೆ ಬೇಡ, ವಾರಪೂರ್ತಿ ಮಳೆ ಅಂತಿದ್ರೆ ಉಳಿದಿದ್ದನ್ನ ಸ್ವಲ್ಪ ಎಳೇದಾದ್ರೂ ಕೊಯ್ದುಬಿಡಿ.

ಪ್ರಶ್ನೆ: ಸಾಗರದಲ್ಲಿ ನಮ್ಮ ತೋಟದ ಮೂಲೇಲಿ ಎರಡು ಹಾಕ್ಬಹುದಾ?

ಉತ್ತರ: ಬೇಡವೇ ಬೇಡ. 1985ರ ಮಾದಕವಸ್ತು ತಡೆಯೋ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ದೆ ಬೆಳೆದ್ರೆ 10 ವರ್ಷದವರೆಗೂ ಜೈಲು, ಒಂದು ಲಕ್ಷದವರೆಗೂ ದಂಡ. ಮೂಲೆ ಖಾಲಿ ಇದ್ರೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿ.