ಆಶ್ರಯಧಾಮದ ನಾಯಿಗೆ ಇಲಿ ಜ್ವರ: ಗೂಡು ತೊಳೆಯುವವರ ಕಾಲು ನೋಡಿ

ಪ್ರಶ್ನೆ: ಮಂಗಳೂರಿನ ಬಳಿ ಬೀದಿನಾಯಿಗಳಿಗೆ ಆಶ್ರಯಧಾಮ ನಡೆಸುತ್ತಿದ್ದೇವೆ. ಕಳೆದ ವಾರ ತಂದ ನಾಯಿಯೊಂದು ಊಟ ಬಿಟ್ಟು ವಾಂತಿ ಮಾಡತೊಡಗಿತು, ಕಣ್ಣು ಹಳದಿಯಾಯಿತು. ಪರೀಕ್ಷೆಯಲ್ಲಿ ಇಲಿ ಜ್ವರ ಖಚಿತವಾಗಿದೆ. ಅದನ್ನು ಮುಟ್ಟಿದವರೆಲ್ಲ ಹೆದರಿದ್ದಾರೆ. ಉಳಿದ ನಾಯಿಗಳನ್ನು ಬೇರೆಡೆಗೆ ಸಾಗಿಸಬೇಕೆ?

ಉತ್ತರ: ದಯವಿಟ್ಟು ಸಾಗಿಸಬೇಡಿ. ಮೇಲ್ನೋಟಕ್ಕೆ ಆರೋಗ್ಯವಾಗಿರುವ ನಾಯಿಯ ಮೂತ್ರದಲ್ಲೂ ಇಲಿ ಜ್ವರ ತರುವ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ, ಸಾಗಿಸಿದರೆ ರೋಗವನ್ನು ಇನ್ನೊಂದು ಜಾಗಕ್ಕೆ ಒಯ್ದಂತಾದೀತು.

ಮೈ ಸವರಿದ ಮಾತ್ರಕ್ಕೆ ಅಂಟುವ ರೋಗ ಇದಲ್ಲ. ಮೂತ್ರ ಬೆರೆತ ನೀರು ಗಾಯ, ನೆನೆದು ಮೆತ್ತಗಾದ ಚರ್ಮ, ಕಣ್ಣು, ಮೂಗು, ಬಾಯಿಗಳ ಮೂಲಕ ಒಳಸೇರಿದಾಗ ಸೋಂಕು ತಗಲುತ್ತದೆ. ಹಾಗಾಗಿ ನನ್ನ ಆತಂಕವೆಲ್ಲ ಬೆಳಿಗ್ಗೆ ಬರಿಗಾಲಲ್ಲಿ ಗೂಡು ತೊಳೆಯುವವರ ಬಗ್ಗೆ. ಅವರ ಒಡೆದ ಹಿಮ್ಮಡಿಯನ್ನೊಮ್ಮೆ ನೋಡಿ; ಆ ಬಿರುಕೇ ರೋಗಾಣುವಿಗೆ ಬಾಗಿಲು. ಪೈಪಿನಿಂದ ರಭಸವಾಗಿ ನೀರು ಬಿಟ್ಟರೆ ಸಿಮೆಂಟ್ ನೆಲಕ್ಕೆ ಬಡಿದ ಹನಿ ಮುಖಕ್ಕೆ ಸಿಡಿಯುತ್ತದೆ. ಗಂಬೂಟು, ಕೈಗವಸು, ಕನ್ನಡಕ, ಮಾಸ್ಕ್ ಇವು ಇಂದೇ ಬರಲಿ. ಕೊಳೆ ತೆಗೆದ ಮೇಲೆ 1 ಪಾಲು ಬ್ಲೀಚ್ ದ್ರಾವಣಕ್ಕೆ 10 ಪಾಲು ನೀರು ಬೆರೆಸಿ ಹಾಕಿ, 10 ನಿಮಿಷ ಬಿಟ್ಟು ತೊಳೆದು ಒಣಗಿಸಿ. ಒಣಗಿದರೆ ಈ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಕರಾವಳಿಯ ಮಳೆಗಾಲದಲ್ಲಿ ನೆಲ ತಾನಾಗಿ ಆರದು, ಫ್ಯಾನ್ ಹಾಕಲೇಬೇಕು.

ರೋಗಿಷ್ಟ ನಾಯಿಯನ್ನು ಪ್ರತ್ಯೇಕವಾಗಿಡಿ. ಪೆನಿಸಿಲಿನ್ ವರ್ಗದ ಚುಚ್ಚುಮದ್ದಿನಿಂದ ಅದು ಚೇತರಿಸಿಕೊಂಡು ಅನ್ನ ತಿನ್ನತೊಡಗಿದರೂ ಮೂತ್ರಪಿಂಡದಲ್ಲಿ ರೋಗಾಣು ಉಳಿದಿರುತ್ತದೆ. ಅದನ್ನು ನಿರ್ಮೂಲ ಮಾಡಲು ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಅನ್ನು 2 ವಾರ ಕೊಡಬೇಕಾಗುತ್ತದೆ. ಹುಷಾರಾಯಿತೆಂಬ ಸಂತೋಷದಲ್ಲಿ ಅವಸರವಾಗಿ ಗುಂಪಿಗೆ ಬಿಡುವುದೇ ನಾನು ಹೆಚ್ಚಾಗಿ ಕಾಣುವ ತಪ್ಪು. ಜೊತೆಗಿದ್ದ ನಾಯಿಗಳಿಗೂ ಮುಂಜಾಗ್ರತೆಯಾಗಿ ಈ ಔಷಧ ಬೇಕೇ ಎಂಬುದನ್ನು ನಿಮ್ಮ ಪಶುವೈದ್ಯರೊಂದಿಗೆ ನಿರ್ಧರಿಸಿ. ಲಸಿಕೆ ಕೊಡಿಸುವಾಗ ಅದರಲ್ಲಿ ಲೆಪ್ಟೊಸ್ಪೈರಾದ ಎಷ್ಟು ಬಗೆಗಳಿವೆ ಎಂದು ಕೇಳಿ. ಎಲ್ಲ ಲಸಿಕೆಗಳೂ ಒಂದೇ ರೀತಿಯವಲ್ಲ. 2ರಿಂದ 4 ವಾರಗಳ ಅಂತರದಲ್ಲಿ ಎರಡು ಡೋಸ್, ಬಳಿಕ ಪ್ರತಿವರ್ಷ ಒಂದು ಬೇಕು. ರಾತ್ರಿ ಉಳಿದ ಅನ್ನದ ತಟ್ಟೆಗಳನ್ನು ಹಾಗೆಯೇ ಬಿಟ್ಟರೆ ಈ ರೋಗ ಹರಡುವ ಇಲಿಗಳನ್ನು ನಾವೇ ಕರೆದಂತೆ.

ಮನುಷ್ಯರಲ್ಲಿ ಲಕ್ಷಣಗಳು ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ, ಕೆಲವೊಮ್ಮೆ 30 ದಿನಗಳವರೆಗೂ ತಡವಾಗಿ ಕಾಣಿಸಿಕೊಳ್ಳುತ್ತವೆ. ಜ್ವರ, ಮೀನಖಂಡದ ವಿಪರೀತ ನೋವು, ಕೆಂಪಾದ ಕಣ್ಣು ಕಂಡರೆ ಅಂದೇ ವೈದ್ಯರ ಬಳಿ ಹೋಗಿ, ಇಂಥ ನಾಯಿಯ ಗೂಡು ತೊಳೆದಿದ್ದೆವೆಂದು ಮೊದಲೇ ಹೇಳಿ. ಹೇಳದಿದ್ದರೆ ಮಳೆಗಾಲದಲ್ಲಿ ಅದನ್ನು ಡೆಂಗಿ ಎಂದೇ ಭಾವಿಸುವ ಸಾಧ್ಯತೆ ಇದೆ. ಮುಂಜಾಗ್ರತೆಯ ಮಾತ್ರೆಯನ್ನು ಸ್ವಂತವಾಗಿ ನುಂಗಬೇಡಿ. ಗರ್ಭಿಣಿಯರು ಸದ್ಯಕ್ಕೆ ಗೂಡಿನ ಕೆಲಸದಿಂದ ದೂರವಿರಲಿ.