ಕನ್ಸೋಲ್ ಕಂಪನಿಗಳ ಪೈಪೋಟಿಯಲ್ಲಿ ಗೆಲ್ಲಿಸುವುದು ಯಂತ್ರವೋ, ಜಾಹೀರಾತೋ?

ಟಿವಿಗೆ ಜೋಡಿಸಿ ಗೇಮ್ ಆಡುವ ಕನ್ಸೋಲ್‌ಗಳ ಪೈಪೋಟಿಯಲ್ಲಿ ಒಳ್ಳೆಯ ಯಂತ್ರ ಮಾಡಿದವರು ಗೆಲ್ಲುತ್ತಾರೋ, ಜೋರಾಗಿ ಜಾಹೀರಾತು ಮಾಡಿದವರು ಗೆಲ್ಲುತ್ತಾರೋ ಎಂದು ಕೇಳಿದ್ದೀರಿ. ಬೆಂಗಳೂರಿನಲ್ಲಿ ಯಾರ ಮನೆಗೆ ಹೋದರೂ ಸೋನಿಯ ಪ್ಲೇಸ್ಟೇಷನ್ನೇ ಕಾಣುತ್ತದೆ, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಯಾಕೆ ಅಷ್ಟು ಅಪರೂಪ ಎಂದೂ ಕೇಳಿದ್ದೀರಿ. ಇದೇ ಊರಿನ ಒಂದು ಎಲೆಕ್ಟ್ರಾನಿಕ್ಸ್ ಮಳಿಗೆಯ ಗೇಮ್ ವಿಭಾಗದಲ್ಲಿ ಹಲವು ವರ್ಷ ಮಾರಾಟದ ಕೆಲಸ ಮಾಡಿದವನು ನಾನು. ನನಗೆ ಅನ್ನಿಸುವುದಿಷ್ಟು: ಜಾಹೀರಾತು ಗಿರಾಕಿಯನ್ನು ಅಂಗಡಿಯ ಬಾಗಿಲಿನವರೆಗೆ ಕರೆತರುತ್ತದೆ, ಒಳಗೆ ಕಾಲಿಟ್ಟ ಮೇಲೆ ನಿರ್ಧಾರವಾಗುವುದು ಬೆಲೆಯ ಮೇಲೆ, ಗೇಮ್ ಡಿಸ್ಕ್ ಸುಲಭವಾಗಿ ಸಿಗುತ್ತದೆಯೇ ಎನ್ನುವುದರ ಮೇಲೆ ಮತ್ತು ಗೆಳೆಯರ ಬಳಿ ಯಾವುದಿದೆ ಎನ್ನುವುದರ ಮೇಲೆ.

ಮೊದಲು ಈ ವ್ಯಾಪಾರದ ಲೆಕ್ಕವನ್ನು ತಿಳಿದುಕೊಳ್ಳಬೇಕು, ಏಕೆಂದರೆ ಪೈಪೋಟಿಯ ಸ್ವರೂಪ ಹುಟ್ಟುವುದೇ ಅಲ್ಲಿ. ಕನ್ಸೋಲ್‌ಗಳನ್ನು ಎಷ್ಟೋ ಸಲ ಅಸಲಿಗಿಂತ ಕಡಿಮೆ ಬೆಲೆಗೆ ಮಾರಲಾಗುತ್ತದೆ. 2006ರಲ್ಲಿ ಪಿಎಸ್3 (ಮೂರನೇ ಪ್ಲೇಸ್ಟೇಷನ್) ಬಂದಾಗ ಯಂತ್ರಗಳ ಬಿಡಿಭಾಗಗಳ ಬೆಲೆ ಅಂದಾಜಿಸುವ ಐಸಪ್ಲೈ ಸಂಸ್ಥೆ ಅದನ್ನು ಬಿಚ್ಚಿ ಲೆಕ್ಕ ಹಾಕಿ, 60 ಜಿಬಿ ಮಾದರಿಯ ತಯಾರಿಕಾ ವೆಚ್ಚ ಸುಮಾರು 840 ಡಾಲರ್ ಎಂದು ಅಂದಾಜಿಸಿತು. ಸೋನಿ ಅದನ್ನು ಮಾರುತ್ತಿದ್ದುದು 599 ಡಾಲರ್‌ಗೆ. ಎಕ್ಸ್‌ಬಾಕ್ಸ್ ಯಂತ್ರದ ಮಾರಾಟದಿಂದ ತಮಗೆ ಎಂದೂ ಲಾಭ ಬಂದಿಲ್ಲ ಎಂದು ಮೈಕ್ರೋಸಾಫ್ಟ್‌ನ ಅಧಿಕಾರಿಯೊಬ್ಬರು 2021ರಲ್ಲಿ ಗೇಮ್ ಕಂಪನಿ ಎಪಿಕ್ ಮತ್ತು ಆಪಲ್ ನಡುವಿನ ಮೊಕದ್ದಮೆಯಲ್ಲಿ ಸಾಕ್ಷ್ಯ ನುಡಿದರು. ಹಣ ಬರುವುದು ಆಮೇಲೆ ಮಾರಾಟವಾಗುವ ಪ್ರತಿಯೊಂದು ಗೇಮ್‌ನ ಪಾಲಿನಿಂದ ಮತ್ತು ಚಂದಾದಿಂದ. ಹಾಗಾಗಿ ಕಂಪನಿ ಮಾರುತ್ತಿರುವುದು ಒಂದು ಪೆಟ್ಟಿಗೆಯನ್ನಲ್ಲ, ಮುಂದಿನ ಆರೇಳು ವರ್ಷಗಳ ಸಂಬಂಧವನ್ನು. ಆ ಸಂಬಂಧದ ಬಗ್ಗೆ ಗಿರಾಕಿಗಾಗಲಿ ಅಂಗಡಿಯವರಿಗಾಗಲಿ ಅನುಮಾನ ಬಂದರೆ ಎಂಥ ಜಾಹೀರಾತೂ ಉಳಿಸುವುದಿಲ್ಲ.

ಇದಕ್ಕೆ ಜಪಾನಿನ ಸೆಗಾ ಕಂಪನಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಎದುರಾಳಿ ಕನ್ಸೋಲ್ ಕಂಪನಿ ನಿಂಟೆಂಡೊ ಹೆಸರನ್ನೇ ನೇರವಾಗಿ ಕೆಣಕುವ ಜಾಹೀರಾತುಗಳನ್ನು ಮಾಡಿ ಹೆಸರಾದ ಕಂಪನಿ ಅದು. ಆದರೆ ಅದರ ಜೆನೆಸಿಸ್ ಕನ್ಸೋಲ್ ಮೇಲೆ ಬಂದದ್ದು ಆ ಕೆಣಕುವಿಕೆಯಿಂದ ಮಾತ್ರವಲ್ಲ. ಸೆಗಾದ ಅಮೆರಿಕ ವಿಭಾಗದ ಮುಖ್ಯಸ್ಥರಾಗಿದ್ದ ಟಾಮ್ ಕಲಿನ್ಸ್ಕಿ ಯಂತ್ರದ ಬೆಲೆಯನ್ನು 149 ಡಾಲರ್‌ಗೆ ಇಳಿಸಿದರು. ಕಂಪನಿಯ ಅತ್ಯುತ್ತಮ ಗೇಮ್ ಆಗಿದ್ದ ಸೋನಿಕ್ ಅನ್ನು ಯಂತ್ರದ ಜೊತೆಯಲ್ಲೇ ಕೊಟ್ಟರು. ಜಾಹೀರಾತು ಹೇಳಿದ್ದನ್ನು ಅಂಗಡಿಯ ಶೆಲ್ಫ್ ಸಾಬೀತು ಮಾಡಿತು.

ಅದೇ ಸೆಗಾ 1995ರ ಮೇ ತಿಂಗಳಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಇ3 ಎಂಬ ಗೇಮ್ ಉದ್ಯಮದ ಪ್ರದರ್ಶನ ಮೊದಲ ಸಲ ನಡೆದಾಗ, ಸೆಪ್ಟೆಂಬರ್‌ಗೆ ನಿಗದಿಯಾಗಿದ್ದ ತನ್ನ ಹೊಸ ಕನ್ಸೋಲ್ ಸ್ಯಾಟರ್ನ್ ಇವತ್ತೇ ಅಂಗಡಿಗೆ ಬಂದಿದೆ, ಬೆಲೆ 399 ಡಾಲರ್ ಎಂದು ಘೋಷಿಸಿತು. ಎಲ್ಲರನ್ನೂ ಬೆರಗುಗೊಳಿಸುವ ತಂತ್ರ ಅದು. ಆದರೆ ಯಂತ್ರಗಳು ಸಾಕಷ್ಟು ಇರಲಿಲ್ಲವಾದ್ದರಿಂದ ಆಯ್ದ ಕೆಲವೇ ಮಳಿಗೆಗಳಿಗೆ ಕೊಟ್ಟರು. ಬಿಟ್ಟುಹೋದವರಲ್ಲಿ ಒಬ್ಬರಾದ ಆಟಿಕೆ ಮಳಿಗೆಗಳ ಸರಣಿ ಕೆಬಿ ಟಾಯ್ಸ್ ಸಿಟ್ಟಿಗೆದ್ದು ಸ್ಯಾಟರ್ನ್ ಮಾರುವುದೇ ಇಲ್ಲ ಎಂದು ನಿಂತಿತು. ಸೆಪ್ಟೆಂಬರ್ ನಂಬಿ ಗೇಮ್ ತಯಾರಿಸುತ್ತಿದ್ದ ಹೊರಗಿನ ಕಂಪನಿಗಳು ತಯಾರಾಗಿರಲಿಲ್ಲ, ಆದ್ದರಿಂದ ಆಡಲು ಗೇಮ್‌ಗಳೇ ಕಡಿಮೆ ಇದ್ದವು. ಅದೇ ದಿನ ಸೋನಿಯ ಸ್ಟೀವ್ ರೇಸ್ ವೇದಿಕೆಗೆ ಬಂದು, ಪ್ಲೇಸ್ಟೇಷನ್‌ನ ಡಾಲರ್ ಬೆಲೆಯನ್ನು ‘299’ ಎಂದಷ್ಟೇ ಹೇಳಿ ಇಳಿದು ಹೋದರು. ಇಡೀ ಉದ್ಯಮದ ಇತಿಹಾಸದಲ್ಲಿ ಇದಕ್ಕಿಂತ ಪರಿಣಾಮಕಾರಿಯಾದ ಜಾಹೀರಾತು ಇನ್ನೊಂದಿಲ್ಲವೆಂದೇ ನಾನು ನಂಬಿದ್ದೇನೆ. 2001ರಲ್ಲಿ ಸೆಗಾ ಕನ್ಸೋಲ್ ತಯಾರಿಕೆಯನ್ನೇ ಕೈಬಿಟ್ಟಿತು.

2013ರಲ್ಲಿ ಮೈಕ್ರೋಸಾಫ್ಟ್ ಎಡವಿದ್ದೂ ಗಿರಾಕಿಯ ನಂಬಿಕೆಯ ವಿಷಯದಲ್ಲೇ. ಎಕ್ಸ್‌ಬಾಕ್ಸ್ ಒನ್ ದಿನಕ್ಕೊಮ್ಮೆಯಾದರೂ ಇಂಟರ್‌ನೆಟ್‌ಗೆ ಸೇರಲೇಬೇಕು, ಹಳೆಯ ಡಿಸ್ಕ್ ಕೊಡುಕೊಳ್ಳುವುದಕ್ಕೆ ನಿರ್ಬಂಧವಿರುತ್ತದೆ ಎಂದು ಹೇಳಿತು. ಬೆಲೆ 499 ಡಾಲರ್. ಸೋನಿ ಪಿಎಸ್4ಗೆ 399 ಡಾಲರ್ ಎಂದಿತು, ಮತ್ತು ಒಬ್ಬರು ಇನ್ನೊಬ್ಬರ ಕೈಗೆ ಡಿಸ್ಕ್ ಕೊಡುವ, ಅಷ್ಟರಲ್ಲೇ ಮುಗಿದುಹೋಗುವ ಒಂದು ಪುಟ್ಟ ವಿಡಿಯೊ ಬಿಟ್ಟಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಆ ನಿಯಮಗಳನ್ನು ಹಿಂತೆಗೆದುಕೊಂಡರೂ ಮಾತು ಆಗಲೇ ಊರೆಲ್ಲ ಹರಡಿತ್ತು.

ಆ ವಿಡಿಯೊ ಬೆಂಗಳೂರಿನಲ್ಲಿ ಯಾಕೆ ಅಷ್ಟು ನಾಟಿತು ಎನ್ನುವುದು ಹಳೆಯ ಡಿಸ್ಕ್ ಕೊಳ್ಳುವ ಕೌಂಟರ್‌ನ ಪಕ್ಕ ನಿಂತವರಿಗೆ ಮಾತ್ರ ಗೊತ್ತಾಗುತ್ತದೆ. ಹೊಸ ಗೇಮ್‌ಗೆ ಸಾವಿರಾರು ರೂಪಾಯಿ ಕೊಟ್ಟ ಹುಡುಗ ಅದನ್ನು ಮುಗಿಸಿದ ಕೂಡಲೇ ಬಾಕ್ಸ್ ಸಮೇತ ತರುತ್ತಾನೆ. ಕೌಂಟರ್‌ನವರು ಡಿಸ್ಕನ್ನು ಅಂಚಿನಲ್ಲಿ ಹಿಡಿದು, ಟ್ಯೂಬ್‌ಲೈಟ್ ಕೆಳಗೆ ಓರೆಮಾಡಿ ಗೀರು ಹುಡುಕುತ್ತಾರೆ, ಒಳಗಿನ ಕೋಡ್ ಚೀಟಿ ಬಳಕೆಯಾಗಿದೆಯೇ ಎಂದು ನೋಡುತ್ತಾರೆ, ಆಮೇಲೆ ಒಂದು ಬೆಲೆ ಹೇಳುತ್ತಾರೆ. ಆ ಹಣಕ್ಕೆ ಸ್ವಲ್ಪ ಸೇರಿಸಿ ಅವನು ಇನ್ನೊಂದು ಡಿಸ್ಕ್ ಒಯ್ಯುತ್ತಾನೆ. ಇಲ್ಲಿ ಬಹಳಷ್ಟು ಮಂದಿಗೆ ಗೇಮಿಂಗ್ ಕೈಗೆಟುಕಿದ್ದೇ ಈ ಕೊಡುಕೊಳ್ಳುವಿಕೆಯಿಂದ. ಅದನ್ನು ತಡೆಯುವ ಯಂತ್ರವನ್ನು ಯಾವ ತಂದೆ ಕೊಡಿಸಿಯಾನು?

ಇನ್ನು ನಮ್ಮ ದೇಶದ ಕಥೆ. ತಾರೆಯರ ಬಲದಿಂದಲೇ ಗೆಲ್ಲುವುದಾಗಿದ್ದರೆ ಮೈಕ್ರೋಸಾಫ್ಟ್ ಎಂದೋ ಗೆಲ್ಲಬೇಕಿತ್ತು. 2006ರ ಸೆಪ್ಟೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ 360 ಅನ್ನು ಪಿಎಸ್3ಗಿಂತ ಮೊದಲೇ ಭಾರತಕ್ಕೆ ತಂದು, ಪ್ರಚಾರಕ್ಕೆ ಅಕ್ಷಯ್ ಕುಮಾರ್ ಮತ್ತು ಯುವರಾಜ್ ಸಿಂಗ್ ಅವರನ್ನು ಕರೆತಂದಿತ್ತು. ಸೋನಿಯ ಬಳಿ ಅದಕ್ಕಿಂತ ಗಟ್ಟಿಯಾದದ್ದು ಇತ್ತು: ಆಗಲೇ ಅಕ್ಕಪಕ್ಕದ ಮನೆಗಳಲ್ಲಿದ್ದ, ವರ್ಷದಿಂದ ವರ್ಷಕ್ಕೆ ಬೆಲೆ ಇಳಿಯುತ್ತಿದ್ದ ಪಿಎಸ್2. ಮುಂದಿನ ಸುತ್ತಿನಲ್ಲಿ ಅಂತರ ಇನ್ನಷ್ಟು ಹೆಚ್ಚಿತು. ಪಿಎಸ್4 2014ರ ಜನವರಿಯಲ್ಲಿ 39,990 ರೂಪಾಯಿಗೆ ಇಲ್ಲಿಗೆ ಬಂದರೆ, ಎಕ್ಸ್‌ಬಾಕ್ಸ್ ಒನ್ ಬಂದದ್ದು ಸೆಪ್ಟೆಂಬರ್‌ನಲ್ಲಿ, ಅದೂ ಅಮೆಜಾನ್‌ನಲ್ಲಿ ಮಾತ್ರ. ಎಂಟು ತಿಂಗಳು ತಡ, ಮುಟ್ಟಿ ನೋಡಲು ಅಂಗಡಿಯಲ್ಲಿ ಇಲ್ಲ! ಅಷ್ಟರಲ್ಲಿ ಕಾಲೇಜಿನ ಗೆಳೆಯರ ಗುಂಪುಗಳೆಲ್ಲ ಪಿಎಸ್4 ಸುತ್ತ ಸೇರಿಬಿಟ್ಟಿದ್ದವು. ನಿಂಟೆಂಡೊ ವಿಷಯ ಹೇಳುವಷ್ಟಿಲ್ಲ. ಅದರ 2017ರ ಕನ್ಸೋಲ್ ಸ್ವಿಚ್ ಇಲ್ಲಿ ಅಧಿಕೃತವಾಗಿ ಬಿಡುಗಡೆಯೇ ಆಗಲಿಲ್ಲ, ಬೇಕಾದವರು ಹೊರಗಿನಿಂದ ತರಿಸಿದ್ದನ್ನು ಕೊಂಡರು.

ಹೀಗೆ ಸೇರಿಕೊಂಡ ಗುಂಪು ಎಷ್ಟು ಗಟ್ಟಿ ಎನ್ನುವುದು ಮತ್ತೆ ಗೊತ್ತಾಯಿತು. 2020ರ ನವೆಂಬರ್ 10ರಂದು ಜಗತ್ತಿನ ಜೊತೆಜೊತೆಗೇ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 49,990 ರೂಪಾಯಿಗೆ ಇಲ್ಲಿ ಬಂತು, ಅದರ ತಮ್ಮ ಸೀರೀಸ್ ಎಸ್ 34,990ಕ್ಕೆ. ಪಿಎಸ್5 ಬಂದದ್ದು 2021ರ ಫೆಬ್ರವರಿ 2ರಂದು, ಅದೇ 49,990ಕ್ಕೆ. ಈ ಸಲ ಮೈಕ್ರೋಸಾಫ್ಟ್ ಎಲ್ಲವನ್ನೂ ಸರಿಯಾಗಿಯೇ ಮಾಡಿತ್ತು. ಆದರೂ ಜನ ಕಾದರು. ಪಿಎಸ್5 ಮುಂಗಡ ಬುಕಿಂಗ್ ನಿಮಿಷಗಳಲ್ಲಿ ಖಾಲಿಯಾಯಿತು. ಮನೆಯಲ್ಲಿದ್ದ ಪಿಎಸ್4 ಡಿಸ್ಕ್‌ಗಳು ಹೊಸ ಯಂತ್ರದಲ್ಲೂ ಓಡುತ್ತಿದ್ದವು, ಜೊತೆಗೆ ಆಡುವ ಗೆಳೆಯರೂ ಅಲ್ಲೇ ಇದ್ದರು.

ಮೈಕ್ರೋಸಾಫ್ಟ್‌ಗೂ ಇದು ಅರ್ಥವಾಗಿದೆ ಎಂದು ಕಾಣುತ್ತದೆ. 68.7 ಶತಕೋಟಿ ಡಾಲರ್ ಕೊಟ್ಟು ಗೇಮ್ ತಯಾರಿಸುವ ಆಕ್ಟಿವಿಷನ್ ಬ್ಲಿಜರ್ಡ್ ಅನ್ನು 2023ರಲ್ಲಿ ತನ್ನದಾಗಿಸಿಕೊಂಡ ಕಂಪನಿ, ತನ್ನದೇ ಗೇಮ್‌ಗಳನ್ನು ಈಗ ಎದುರಾಳಿಯ ಯಂತ್ರಕ್ಕೂ ಕೊಡುತ್ತಿದೆ. 2025ರ ಏಪ್ರಿಲ್‌ನಲ್ಲಿ ಅದರ ಕಾರ್ ರೇಸ್ ಗೇಮ್ ಫೋರ್ಜಾ ಹೊರೈಜನ್ 5 ಪಿಎಸ್5ಗೂ ಬಂತು. ನಮ್ಮ ಕೌಂಟರ್‌ನಲ್ಲಿ ಎಕ್ಸ್‌ಬಾಕ್ಸ್ ಕೇಳಿಕೊಂಡು ಬರುತ್ತಿದ್ದ ಕೆಲವೇ ಮಂದಿ ಹೇಳುತ್ತಿದ್ದ ಮೊದಲ ಕಾರಣ ಫೋರ್ಜಾ ಆಗಿತ್ತು. ಆ ಕಾರಣವನ್ನು ಕಂಪನಿಯೇ ಬಿಟ್ಟುಕೊಟ್ಟ ಮೇಲೆ, ನೀವು ಹೇಳಿದ ಅಪರೂಪ ಬೆಂಗಳೂರಿನಲ್ಲಿ ಇನ್ನೂ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುತ್ತದೆಂದು ನನಗೆ ಅನ್ನಿಸುವುದಿಲ್ಲ.