ದೇವರ ಸಮಾನ ಅಂದ ಮೇಲೆ ಎದುರು ಮಾತಾಡಬಾರದೇ?

ಓದುಗರೊಬ್ಬರ ಪತ್ರ: "ನನಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದೆ. ಅಪ್ಪ ಬೇಡ ಅಂತಾರೆ. ಯಾಕೆ ಅಂತ ಕೇಳಿದರೆ 'ತಂದೆ ತಾಯಿ ದೇವರ ಸಮಾನ, ಎದುರು ಮಾತಾಡಬೇಡ' ಎನ್ನುತ್ತಾರೆ. ಆಯುಧಪೂಜೆ ದಿನ ಅವರು ಸ್ಕೂಟರಿಗೂ ಕೈ ಮುಗಿಯುತ್ತಾರೆ. ಮನುಷ್ಯರನ್ನು, ವಸ್ತುಗಳನ್ನು ದೇವರು ಅನ್ನೋದಕ್ಕೆ ಏನರ್ಥ?"

ಸಂಪಾದಕರ ಉತ್ತರ: ಸ್ಕೂಟರಿನಿಂದಲೇ ಶುರು ಮಾಡೋಣ, ಅದು ಸುಲಭ. ಆಯುಧಪೂಜೆಯ ಹಿಂದಿನ ದಿನ ಯಾವುದಾದರೂ ಗ್ಯಾರೇಜಿಗೆ ಹೋಗಿ ನೋಡಿ. ಸ್ಪ್ಯಾನರುಗಳ ಜಿಡ್ಡು ತೊಳೆದು, ಒರೆಸಿ, ಸಾಲಾಗಿ ಜೋಡಿಸುತ್ತಿರುತ್ತಾರೆ. ಎಂದೋ ಕಳೆದುಹೋಗಿದ್ದ ಹತ್ತನೇ ನಂಬರ್ ಸ್ಪ್ಯಾನರ್ ಅವತ್ತು ಬೆಂಚಿನ ಕೆಳಗೆ ಸಿಗುತ್ತದೆ. ಅರಿಶಿನ ಕುಂಕುಮ ಆಮೇಲೆ. ನನ್ನ ಪ್ರಕಾರ ಮುಕ್ಕಾಲು ಪೂಜೆ ಆ ತೊಳೆಯುವುದರಲ್ಲೇ ಆಗಿಹೋಗಿರುತ್ತದೆ. ಸ್ಪ್ಯಾನರ್ ವರ ಕೊಡುವುದಿಲ್ಲ. ಅದನ್ನು ಹೇಗೆ ಇಟ್ಟುಕೊಳ್ಳಬೇಕು ಅನ್ನೋದು ಹಿಡಿದವನಿಗೆ ನೆನಪಾಗುತ್ತದೆ, ಅಷ್ಟೇ. (ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಸವೆದ ಬ್ರೇಕನ್ನು ಹಾಗೇ ಬಿಡುವವರ ಸುದ್ದಿ ಬೇಡ.)

ಇನ್ನು ಅಪ್ಪನ ವಿಚಾರ. 'ಮಾತೃದೇವೋ ಭವ, ಪಿತೃದೇವೋ ಭವ' ಇರುವುದು ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ. ಓದು ಮುಗಿಸಿ ಹೊರಟ ಶಿಷ್ಯನಿಗೆ ಗುರು ಹೇಳುವ ಬುದ್ಧಿಮಾತು ಅದು. ಅಪ್ಪ ತನ್ನ ಬಗ್ಗೆ ತಾನೇ ಹೇಳಿಕೊಳ್ಳೋದಕ್ಕೆ ಹುಟ್ಟಿದ್ದಲ್ಲ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ, ಅದನ್ನು ಯಾರೂ ಗೋಡೆ ಮೇಲೆ ಬರೆಸುವುದಿಲ್ಲ: ನಮ್ಮ ನಡತೆಯಲ್ಲಿ ಒಳ್ಳೆಯದು ಯಾವುದೋ ಅದನ್ನಷ್ಟೇ ಅನುಸರಿಸು, ಉಳಿದದ್ದನ್ನಲ್ಲ. ಗುರುವನ್ನೂ ದೇವರಂತೆ ಕಾಣು ಎಂದ ಅದೇ ಉಪದೇಶದಲ್ಲಿ ಇದೂ ಇದೆ, ಅಲ್ವಾ? ತಮ್ಮಿಂದಲೂ ತಪ್ಪಾಗುತ್ತದೆ ಅಂತ ಆ ಗುರುವಿಗೆ ಗೊತ್ತಿತ್ತು.

ತಪ್ಪೇ ಮಾಡದವರು ಅಂತ ಮೇಲೆ ಕೂರಿಸಿದರೆ ಕೂತವರಿಗೂ ಕಷ್ಟ. ವೈದ್ಯರನ್ನು ನಾರಾಯಣ ಅನ್ನುತ್ತೇವೆ. ರೋಗಿ ಉಳಿಯದಿದ್ದರೆ ಅದೇ ವೈದ್ಯರ ಮೇಲೆ ಕೈ ಮಾಡುವವರೂ ನಾವೇ. ನಾಯಕರ ವಿಷಯದಲ್ಲಂತೂ ಇದು ಇನ್ನೂ ಜಾಸ್ತಿ ಅಪಾಯ. ಧರ್ಮದಲ್ಲಿ ಭಕ್ತಿ ಮುಕ್ತಿಯ ದಾರಿ ಆಗಬಹುದು, ರಾಜಕೀಯದಲ್ಲಿ ಮಾತ್ರ ಅದು ಸರ್ವಾಧಿಕಾರಕ್ಕೆ ಒಯ್ಯುತ್ತದೆ ಎಂದು ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು.

ನಿಮ್ಮ ಅಪ್ಪನಿಗೆ ಒಳಗೊಳಗೇ ಹೆದರಿಕೆ ಇರಬಹುದು. ಮಗು ಒಬ್ಬಂಟಿಯಾಗಿ ಹೇಗಿರುತ್ತೆ, ನಾಳೆ ನಮಗೆ ಯಾರು ಅಂತ. ಅದನ್ನು ಬಾಯಿಬಿಟ್ಟು ಹೇಳಲಾಗದೆ ದೇವರನ್ನು ನಡುವೆ ತಂದಿರಬಹುದು. ಪಕ್ಕ ಕೂತು ಕೇಳಿ. ಉಳಿಯೋದೆಲ್ಲಿ, ಸಂಬಳ ಎಷ್ಟು, ಊರಿಗೆ ಯಾವಾಗ ಬರ್ತೀರಿ, ಎಲ್ಲ ಬಿಡಿಸಿ ಹೇಳಿ. ಆಮೇಲೂ ಕಾರಣ ಕೊಡದೆ ಬೇಡ ಅಂದರೆ, ಕಾಲಿಗೆ ನಮಸ್ಕಾರ ಮಾಡಿ ಹೋಗಿ ಕೆಲಸಕ್ಕೆ ಸೇರಿಕೊಳ್ಳಿ.